ಉಪ್ಪು ಕಟ್ಟಿ ನೋಡಿದ ಮನೆ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವಳು ನಮ್ಮ ನೀಲವ್ವತ್ತೆ, ಅಪ್ಪನ ಅಕ್ಕ. ಎರಡು ಮಾತು ಹೇಳಿದ್ದಳು, ಎರಡೂ ಒಂದೇ ಉಸಿರಿನಲ್ಲಿ. "ಕೊಪ್ಪಳದ ಕೋಟಿ ಓಣ್ಯಾಗಿನ ಮನಿ ಬ್ಯಾವೂರಿನ ಒಕ್ಕಲ ಮಂದಿಗೆ ಯಾರೂ ಸುಮ್ಮಸುಮ್ಮನ ಕೊಡಂಗಿಲ್ಲ. ನಮ್ಮ ಈರಣ್ಣ ಬಿ.ಎ. ಆಗಂಗಿಲ್ಲ. ಬೇಕಾರ ಬರದು ಇಟ್ಟುಕೋರಿ." ಆಗ ನಮ್ಮ ಮನೆಯಲ್ಲಿ ಬರೆಯಲು ಬರುತ್ತಿದ್ದವನು ಆ ಈರಣ್ಣ, ಅಂದರೆ ನಾನೊಬ್ಬನೇ. ಆದ್ದರಿಂದ ಈಗ ನಾನೇ ಬರೆಯಬೇಕಾಗಿದೆ.

ಮೊನ್ನೆ ಸಂಜೆ ದೇವರ ಮುಂದಿನ ದೀಪ ಗಾಳಿಗೆ ಆರಿತು. ಕುಸುಬೆ ಎಣ್ಣೆಯಲ್ಲಿ ತೊಯ್ದ ಬತ್ತಿ ಆರಿದರೆ ಏಳುವ ಆ ಕಮಟು ವಾಸನೆ ಮೂಗಿಗೆ ಬಂದದ್ದೇ ತಡ, ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷದ ಆ ಮಳೆಗಾಲ ಪೂರ್ತಿ ಎದುರಿಗೆ ಬಂದು ನಿಂತಿತು.

ಬೇವೂರಿನ ಸಾಲೆಯಲ್ಲಿ ಇದ್ದಷ್ಟನ್ನು ನಾನು ಓದಿ ಮುಗಿಸಿದ್ದೆ. ಮುಂದೆ ಓದಬೇಕೆಂದರೆ ಕೊಪ್ಪಳ. ಗಾಡಿ ಹೂಡಿದರೆ ಒಂದು ಹಗಲಿನ ದಾರಿ. ನಮ್ಮ ವಂಶದಲ್ಲಿ ಅಕ್ಷರ ಕಲಿತವರಿರಲಿಲ್ಲ. ಕಚೇರಿಯಲ್ಲಿ ತನ್ನ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಂಡು ಅರ್ಥವಾದವನಂತೆ ತಲೆಯಾಡಿಸುವುದು ಅಪ್ಪನಿಗೆ ಸಾಕಾಗಿತ್ತು. ನಾನು ಓದಬೇಕು, ನನ್ನ ಹಿಂದೆ ತಮ್ಮಂದಿರು ಓದಬೇಕು, ಅದಕ್ಕೆ ಕೊಪ್ಪಳದಲ್ಲಿ ಒಂದು ಸೂರು ಬೇಕು ಎಂದು ಹಟ ಹಿಡಿದ. ಆ ಎರಡು ವರ್ಷ ಹತ್ತಿಯೂ ಜೋಳವೂ ಕೈಹಿಡಿದಿದ್ದವು. ಮನೆ ಸಿಕ್ಕರೆ ಓದು, ಸಿಗದಿದ್ದರೆ ನಾನು ನೇಗಿಲ ಹಿಂದೆ. ಅಷ್ಟೇ ಕರಾರು.

ಸಿಕ್ಕ ಮನೆ ಊರಿನ ನಟ್ಟನಡುವೆ, ಕೋಟೆ ಓಣಿಯಲ್ಲಿತ್ತು. ಬೀದಿಗೆ ಕಲ್ಲುಕಟ್ಟೆ. ಗಾಡಿ ನುಗ್ಗುವಷ್ಟು ಅಗಲದ ತಲೆಬಾಗಿಲು, ಅದರ ಹೊಟ್ಟೆಯಲ್ಲಿ ತಗ್ಗಿ ದಾಟುವಂಥ ಒಂದು ಸಣ್ಣ ಬಾಗಿಲು. ಒಳಗೆ ಸಾಗುವಾನಿ ಕಂಬಗಳ ಪಡಸಾಲೆ, ಅದರಾಚೆ ಒಳಂಗಳ, ಅದರಾಚೆ ಅಡುಗೆಮನೆ. ಮುಂದಿನ ಮಾಳಿಗೆ ಮಣ್ಣಿನದು, ಹಿಂದಿನದು ಗಚ್ಚಿನದು. ಗೋಡೆಗಳು ಎಷ್ಟು ದಪ್ಪವೆಂದರೆ, ಪಡಸಾಲೆಯ ದೊಡ್ಡ ಗೂಡಿನಲ್ಲಿ ನಾನು ಕಾಲು ಮಡಚಿ ಕೂತು ಓದಬಹುದಿತ್ತು. ಅಪ್ಪ ಕಂಬಗಳನ್ನು ಸವರಿ ಸವರಿ ನೋಡಿದ. ಅತ್ತೆ ಕಂಬ ನೋಡಲಿಲ್ಲ, ಮಾರುವವರ ಮುಖ ನೋಡಿದಳು.

ಮಾರುವವರು ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶಕಾರರಾಗಿದ್ದು ಕೆಲಸ ಬಿಟ್ಟ ಒಬ್ಬ ಮುದುಕರು. ಊರೆಲ್ಲ ಅವರನ್ನು ಪೇಶಕಾರ ಸಾಹೇಬರು ಎನ್ನುತ್ತಿತ್ತು. ಹೆಂಡತಿ ತೀರಿದ ಮೇಲೆ ಮನೆಗೆ ಬೀಗ ಹಾಕಿ, ನಾಲ್ಕು ಓಣಿ ಆಚೆ ದೊಡ್ಡ ಮಗಳ ಮನೆಯಲ್ಲಿದ್ದರು. ಅವರು ಕೇಳಿದ ಬೆಲೆ ಓಣಿಯವರು ಅಂದಾಜು ಮಾಡಿದ್ದಕ್ಕಿಂತ ಕಡಿಮೆ ಇತ್ತು. ಅತ್ತೆಯ ಗುಮಾನಿ ಹುಟ್ಟಿದ್ದೇ ಅಲ್ಲಿ.

ನಮ್ಮಲ್ಲಿ ಎತ್ತು ಕೊಳ್ಳುವ ಮೊದಲು ಒಂದು ದಿನ ಹೂಡಿ ನೋಡುವುದು ರೂಢಿ. ಅತ್ತೆ ಮನೆಗೂ ಅದನ್ನೇ ಹಚ್ಚಿದಳು. "ಸಾಹೇಬ್ರ, ಒಂದು ಮಳಿಗಾಲ ನಿಮ್ಮ ಮನಿಯಾಗ ಇದ್ದು ನೋಡ್ತೀವಿ. ಪಾಸಾದ್ರ ತಗೋತೀವಿ, ಇಲ್ಲಾಂದ್ರ ಇಲ್ಲ." ಅವರು ಸಿಟ್ಟಾಗಲಿ ಎಂದೇ ಹಾಗೆ ಕೇಳಿದ್ದಳೆಂದು ಈಗ ಅನ್ನಿಸುತ್ತದೆ. ಸಾಹೇಬರು ಸಿಟ್ಟಾಗಲಿಲ್ಲ. ಬಿಳಿ ಗಡ್ಡ ನೀವಿಕೊಂಡು, "ಜರೂರ್ ಇರ್ರಿ ಅಕ್ಕಾರ. ಮನಿ ಅನ್ನೂದು ಇದ್ದು ನೋಡೂವಂಥಾದ್ದ," ಎಂದು ಬೀಗದ ಕೈ ಕೊಟ್ಟುಬಿಟ್ಟರು. ಬಾಡಿಗೆಯ ಮಾತೇ ಎತ್ತಲಿಲ್ಲ.

ಹೊರಗೆ ಬರುತ್ತಲೇ ಅತ್ತೆ ಅಪ್ಪನ ತೋಳು ಹಿಡಿದಳು. "ನೋಡಿದ್ಯಾ ತಮ್ಮಾ? ಒಲ್ಲೆ ಅನ್ನಲಿಲ್ಲ. ಛಲೋ ಮನಿ ಇದ್ದಾಂವ ಹಿಂಗ ಪುಕ್ಕಟಿ ಬೀಗದಕೈ ಕೊಡ್ತಾನೇನು?"

"ಕೊಡಲಿಲ್ಲಾಂದಿದ್ರ ಏನಂತಿದ್ದಿ?"

"ಏನೋ ಮುಚ್ಚಿಟ್ಟಾನ ಅಂತಿದ್ದೆ."

"ಹಂಗಾರ ನೀನ ಇದ್ದು ನೋಡವಾ. ನಿನಗ ಮೋಸ ಮಾಡಾಂವ ಇನ್ನಾ ಹುಟ್ಟಿಲ್ಲ," ಎಂದು ಅಪ್ಪ ನಕ್ಕ. ಹಾಗಾಗಿ ಅಪ್ಪ ಬಿತ್ತನೆಗೆ ಊರಿಗೆ ಹೋದ. ಅತ್ತೆ ಮತ್ತು ನಾನು ಮೃಗಶಿರೆ ಮಳೆಗೆ ಆ ಮನೆ ಹೊಕ್ಕೆವು.

ಅತ್ತೆ ಆ ಮನೆಯನ್ನು ಪರೀಕ್ಷೆ ಮಾಡಿದ ಹಾಗೆ ಮುಂದೆ ನನ್ನನ್ನು ಯಾವ ಪರೀಕ್ಷೆಯೂ ಮಾಡಲಿಲ್ಲ. ಚೀಲ ಹೊಲಿಯುವ ದಬ್ಬಣ ಹಿಡಿದು ಏಣಿ ಹತ್ತಿ ಒಂದೊಂದು ತೊಲೆಗೂ ಚುಚ್ಚಿದಳು, ಗೆದ್ದಲು ತಿಂದು ಟೊಳ್ಳಾಗಿದೆಯೋ ಎಂದು. ಗೋಡೆಯ ಮಣ್ಣು ಕೆರೆದು ನಾಲಿಗೆಗಿಟ್ಟು ಸವಳು ಇದೆಯೇ ನೋಡಿದಳು. ಮೂಲೆಮೂಲೆಗೆ ಹಿಡಿ ಹಿಡಿ ಜೋಳ ಸುರಿದು ಹುಳ ಬೀಳುತ್ತದೆಯೇ ಎಂದು ಕಾದಳು. ಹರಳುಪ್ಪನ್ನು ಹಳೆಯ ಸೀರೆಯ ಚಿಂದಿಯಲ್ಲಿ ಗಂಟು ಕಟ್ಟಿ ಪ್ರತಿ ಗೋಡೆಯ ಗೂಡಿನಲ್ಲಿ ಇಟ್ಟಳು. ಉಪ್ಪು ನೀರೊಡೆದರೆ ಆ ಗೋಡೆ ತೇವ ಕುಡಿಯುತ್ತಿದೆ ಎಂದು ಲೆಕ್ಕ. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಗಂಟು ಹಿಸುಕಿ ನೋಡುತ್ತಿದ್ದಳು, ಕೋಳಿ ಮೊಟ್ಟೆ ಇಟ್ಟಿದೆಯೇ ಎಂದು ನೋಡುವ ಹಾಗೆ.

ಮಳೆ ಬಲಿತಂತೆ ಒಂದೊಂದೇ ಗಂಟು ಒದ್ದೆಯಾಯಿತು. ಎಲ್ಲಕ್ಕಿಂತ ಹೆಚ್ಚು ಅತ್ತದ್ದು ಒಳಂಗಳದ ಪಕ್ಕದ ಗೋಡೆಯ ಗಂಟು. ಗರಿಗರಿಯಾಗಿ ಉಳಿದದ್ದು ಒಂದೇ, ನಾನು ಕೂತು ಓದುತ್ತಿದ್ದ ಪಡಸಾಲೆಯ ಗೂಡಿನದು. ಅತ್ತೆಗೆ ಅದೂ ಸರಿಕಾಣಲಿಲ್ಲ. "ಎಲ್ಲಾ ಗ್ವಾಡಿ ಹಸಿ ಆಗಿ ಇದೊಂದ ಯಾಕ ಒಣಗೇತಿ?" ಎಂದು ನನ್ನನ್ನು ಎಬ್ಬಿಸಿ ಗೂಡಿನೊಳಗೆ ತಲೆಹಾಕಿ ಮೂಸಿ ನೋಡಿದಳು.

ಪಕ್ಕದ ಮನೆಯ ಕಿರಾಣಿ ಶೆಟ್ಟರು ಅವಳ ಸಂಶಯಕ್ಕೆ ದಿನಾ ಎಣ್ಣೆ ಹೊಯ್ಯುತ್ತಿದ್ದರು. ತಮ್ಮ ಸರಕು ಇಡಲು ಆ ಮನೆಯ ಮೇಲೆ ಅವರಿಗೂ ಕಣ್ಣಿತ್ತೆಂದು ಓಣಿಯಲ್ಲಿ ಎಲ್ಲರಿಗೂ ಗೊತ್ತು. ಬೆಲ್ಲ ತರಲು ಹೋದರೆ ತಕ್ಕಡಿ ಎತ್ತಿ ಹಿಡಿದು ಮೆಲ್ಲಗೆ ಕೇಳುವರು. "ಯವ್ವಾ, ದೊಡ್ಡ ಮಳಿ ಆದಾಗ ಏನರೆ ಕೇಳಿಸೇತೇನು?"

"ಏನು ಕೇಳಸಬೇಕ್ರಿ?"

"ಏನಿಲ್ಲ ಬಿಡ್ರಿ. ಗ್ವಾಡಿ ಒಳಗ ಯಾರೋ ಅತ್ತಂಗ ಆಕ್ಕೈತಿ ಅಂತಾರ. ನಾ ಅಂತೂ ಕೇಳಿಲ್ಲವಾ. ಕೇಳಿದವರು ಹೇಳ್ಯಾರ."

ಅತ್ತೆ ಶೆಟ್ಟರನ್ನೂ ನಂಬಲಿಲ್ಲ. "ಮನಿ ಬೇಕಾದಾಂವ ಮನಿಗೆ ಹೆಸರಿಡ್ತಾನ," ಎಂದಳು. ಆದರೂ ಮೋಡ ಕವಿದ ಸಂಜೆ ಒಲೆ ಬೇಗ ಆರಿಸಿ ಕಿವಿ ಆನಿಸಿ ಕೂತಿರುತ್ತಿದ್ದಳು.

ಸಾಹೇಬರು ಪ್ರತಿ ಶುಕ್ರವಾರ ನಮಾಜು ಮುಗಿಸಿ ಬರುತ್ತಿದ್ದರು. ಕಟ್ಟೆಯ ಮೇಲೆ ಕೂತು, "ಹೆಂಗೈತ್ರಿ ಅಕ್ಕಾರ, ಮನಿ?" ಎನ್ನುವರು. "ಇನ್ನಾ ನೋಡಾಕತ್ತೀವ್ರಿ," ಎಂದು ಅತ್ತೆ ಬಾಗಿಲ ಮರೆಯಿಂದಲೇ ಉತ್ತರ ಕೊಡುವಳು. ಆಗಿನದು ಹೈದರಾಬಾದಿನ ಆಳಿಕೆ, ನಾನು ಹೊಸದಾಗಿ ಸೇರಿದ್ದ ಕೊಪ್ಪಳದ ಸಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಅದು ನನಗೆ ಕಬ್ಬಿಣದ ಕಡಲೆ. ಬಲದಿಂದ ಎಡಕ್ಕೆ ಓದುವಾಗ ನನ್ನ ಕುತ್ತಿಗೆ ತಾನೇ ತಾನಾಗಿ ಎಡದಿಂದ ಬಲಕ್ಕೆ ಹೊರಳುತ್ತಿತ್ತು. ಸಾಹೇಬರು ನನ್ನ ಪಾಟಿ ತೆಗೆದುಕೊಂಡು ಅಕ್ಷರ ತಿದ್ದುವರು. "ಬೇಟಾ, ಈ ಅಕ್ಷರದ ಹೊಟ್ಟ್ಯಾಗ ಚುಕ್ಕಿ ಐತಿ. ಅದನ್ನ ಉಪವಾಸ ಕೆಡವಬ್ಯಾಡ." ನಗಿಸುತ್ತ ಕಲಿಸುವ ಅವರ ಗುಣದಿಂದ ದೀಪಾವಳಿಯ ಹೊತ್ತಿಗೆ ನಾನು ತಡವರಿಸದೆ ಓದತೊಡಗಿದ್ದೆ.

ಅತ್ತೆಗೆ ಅದೂ ಒಂದು ಪುರಾವೆ. "ಮಾರಿ ಹೋಗಾಂವ ಹುಡುಗಗ ಪುಕ್ಕಟಿ ಯಾಕ ಕಲಸ್ತಾನ? ಮತ್ತ ಇನ್ನೊಂದು ನೋಡು. ಪಡಸಾಲಿಗೆ ಬರ್ತಾನ, ನೀರು ಕುಡೀತಾನ. ಒಳಂಗಳಕ್ಕ ಒಮ್ಮೆರೆ ಕಾಲಿಟ್ಟಾನೇನು? ತನ್ನ ಮನಿಯಾಗ ತಾನ ಅಂಜತಾನ!"

ಅದು ನಿಜವಿತ್ತು. ಒಂದು ಸಲ ನಾನು ಒಳಂಗಳದಲ್ಲಿ ಜಾರಿಬಿದ್ದು ಅತ್ತಾಗಲೂ ಅವರು ಹೊಸ್ತಿಲವರೆಗೆ ಓಡಿಬಂದು, ಅಲ್ಲೇ ಚೌಕಟ್ಟು ಹಿಡಿದು ನಿಂತುಬಿಟ್ಟಿದ್ದರು.

ಉತ್ತರೆ ಮಳೆಯ ಒಂದು ಸಂಜೆ ಆ ಸದ್ದು ಕೇಳಿತು. ಗಚ್ಚಿನ ಮಾಳಿಗೆಯ ಮೇಲೆ ಮಳೆ ಧೋ ಎಂದು ಸುರಿಯುತ್ತಿತ್ತು. ಒಳಂಗಳದ ಪಕ್ಕದ ಗೋಡೆಯೊಳಗೆ ಮೊದಲು ಗೊಟಗೊಟ ಎಂದಿತು, ಆಮೇಲೆ ಬಿಕ್ಕುವ ಹಾಗೆ, ಆಮೇಲೆ ಒಂದೇ ಸಮನೆ ಸಣ್ಣಗೆ ಅಳುವ ಹಾಗೆ. ನನ್ನ ಕೈಯ ಪಾಟಿ ಜಾರಿತು. ಅತ್ತೆ ಎದ್ದುಹೋಗಿ ಗೋಡೆಗೆ ಕಿವಿ ಹಚ್ಚಿದಳು. ಹೆದರಿದಳೆಂದು ಹೇಳಲಾರೆ. ಅವಳ ಮುಖದಲ್ಲಿದ್ದದ್ದು ಕಳ್ಳ ಸಿಕ್ಕಿಬಿದ್ದಾಗಿನ ಸಮಾಧಾನ. ಮಳೆ ನಿಂತ ಮೇಲೆ ಒಳಂಗಳದ ಮೂಲೆಯಲ್ಲಿ, ಆ ಗೋಡೆಯ ಬುಡಕ್ಕೆ ಹೋಗಿ ಹಿಮ್ಮಡಿಯಿಂದ ನೆಲ ಕುಟ್ಟಿದಳು. ಅಲ್ಲಿ ಒಂದು ಚಪ್ಪಡಿ ಇತ್ತು, ಸುತ್ತ ಗಚ್ಚು ಮೆತ್ತಿ ಮುಚ್ಚಿತ್ತು. ಕೆಳಗೆ ಡೊಳ್ಳಿನ ಹಾಗೆ ಪೊಳ್ಳು.

"ಹಗೇವು," ಎಂದಳು ಅತ್ತೆ.

ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬೇವೂರಿನಲ್ಲಿ ಅದಿಲ್ಲದ ಮನೆಯಿಲ್ಲ. ತುಂಬಿದ ಹಗೇವಿನ ಬಾಯಿ ಮುಚ್ಚುತ್ತಾರೆ, ಖಾಲಿಯದನ್ನು ಗಾಳಿಗೆ ತೆರೆದಿಡುತ್ತಾರೆ. ಜನ ಇಲ್ಲದ ಮನೆಯಲ್ಲಿ ಹಗೇವಿನ ಬಾಯಿಗೆ ಗಚ್ಚು ಮೆತ್ತಿದ್ದಾರೆಂದರೆ ಒಳಗೆ ಜೋಳವಲ್ಲದ ಏನೋ ಇದೆ. ಇದು ಅತ್ತೆಯ ತರ್ಕ. ನಮ್ಮೂರಿನ ಯಾರನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದರು. ಹಗೇವಿನ ಬಗ್ಗೆ ಅತ್ತೆಗೆ ಇನ್ನೊಂದು ಲೆಕ್ಕವೂ ಇತ್ತು. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಮೊದಲು ದೀಪ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿದವನು ಬರುವುದಿಲ್ಲ. ಮದುವೆಯಾದ ಮರುವರ್ಷವೇ ಅತ್ತೆಯ ಗಂಡ ದೀಪ ಇಳಿಸದೆ ಇಳಿದಿದ್ದ. ಅಂದಿನಿಂದ ಅವಳು ಮುಚ್ಚಿದ ಯಾವುದನ್ನೂ ನಂಬಿದವಳಲ್ಲ, ಮಾತಿರಲಿ, ಮನುಷ್ಯರಿರಲಿ, ನೆಲವಿರಲಿ.

ಚಿತ್ತೆ ಮಳೆ ಮುಗಿಯುತ್ತಲೇ ಅಪ್ಪ ಗಾಡಿ ಹೂಡಿಕೊಂಡು ಬಂದ, ಮಾತು ಮುಗಿಸಿ ಖರೀದಿ ಮಾಡಲು. ಅತ್ತೆ ಅವನ ಕೈಗೆ ಹಾರೆ ಕೊಟ್ಟಳು. ಬೆಳಿಗ್ಗೆ ಗಚ್ಚು ಒಡೆದು ಚಪ್ಪಡಿಯನ್ನು ಒಂದು ಗೇಣು ಸರಿಸಿದರು. ಅತ್ತೆ ಯಾರನ್ನೂ ಹತ್ತಿರ ಬಿಡಲಿಲ್ಲ, ಮುಖ ಬಗ್ಗಿಸಿ ನೋಡಲು ಬಿಡಲಿಲ್ಲ. "ಮಾರಿ ಒಯ್ದು ಅದರ ಬಾಯಾಗ ಇಡಬ್ಯಾಡ್ರಿ!" ಎಂದು ಕೂಗಿದಳು. ಮಧ್ಯಾಹ್ನದವರೆಗೆ ಹಾಗೇ ತೆರೆದಿಟ್ಟರು. ಆಮೇಲೆ ಅಪ್ಪ ಮೋಟು ಗಡಿಗೆಯಲ್ಲಿ ಹಣತೆ ಇಟ್ಟು, ಅದಕ್ಕೆ ಹಗ್ಗ ಕಟ್ಟಿ, ದೂರದಲ್ಲಿ ನಿಂತು ತೋಳು ಚಾಚಿ ಇಳಿಸಿದ. ಚಪ್ಪಡಿಯ ಸಂದಿನಲ್ಲಿ ಕೆಂಪು ಬೆಳಕು ಸ್ವಲ್ಪ ಹೊತ್ತು ಆಡಿತು. ಒಮ್ಮೆಲೇ ಕತ್ತಲು. ಎಣ್ಣೆ ಬತ್ತಿಯ ಕಮಟು ವಾಸನೆ ಮೇಲೆ ಬಂತು.

"ಆರಿತಲ್ಲೋ!" ಎಂದು ಅತ್ತೆ ಸೆರಗು ಬಾಯಿಗೆ ಒತ್ತಿ ಹಿಂದೆ ಸರಿದಳು. ಅಪ್ಪ ಗಡಿಗೆಯೊಳಗೆ ನೋಡದೆಯೇ ಎಳೆದು ಹಾಕಿ, ಹಗ್ಗವನ್ನು ಗೋಡೆಯ ಕಡೆ ಒಗೆದು, ಕಾಲಿನಿಂದಲೇ ಚಪ್ಪಡಿ ಮುಚ್ಚಿದ.

"ಸಾಕವಾ ಈ ಮನಿ ಸಹವಾಸ. ಸಾಮಾನು ಕಟ್ಟು."

"ಮತ್ತ ನನ್ನ ಸಾಲಿ?" ಎಂದೆ.

"ಸಾಲಿ ಎಲ್ಲಿ ಓಡಿ ಹೊಕ್ಕೈತಿ? ನೋಡೂಣು," ಎಂದ ಅಪ್ಪ, ನನ್ನ ಕಡೆ ನೋಡದೆ. 'ನೋಡೂಣು' ಎಂದರೆ ನಮ್ಮ ಮನೆಯಲ್ಲಿ ಮುಗಿಯಿತು ಎಂದೇ ಅರ್ಥ. ನಾನು ಪಾಟಿ, ಪುಸ್ತಕ ಚೀಲಕ್ಕೆ ತುಂಬಿ ಆ ಗೂಡಿನಲ್ಲಿ ಕೊನೆಯ ಸಲ ಹೋಗಿ ಕೂತೆ. ಸಾಹೇಬರಾದರೂ ಹೀಗೆ ಯಾಕೆ ಮಾಡಿದರು? ನನ್ನ ಪಾಟಿ ತಿದ್ದಿದ ಕೈ ಅದು. ಆ ಹೊತ್ತು ಅತ್ತೆಯ ಗುಮಾನಿ ನನ್ನೊಳಗೂ ಬಂದು ಕೂತಿತ್ತು.

ಎತ್ತು ಹೂಡಿಯಾಯಿತು. ಕೌದಿಗಳ ಗಂಟಿಗೆ ಹಗ್ಗ ಸಾಲದೆ, ಅತ್ತೆ ಒಳಂಗಳದಲ್ಲಿ ಬಿದ್ದಿದ್ದ ಹಗ್ಗ ತಂದು ಬಿಗಿಯತೊಡಗಿದಳು. ಬಿಗಿಯುತ್ತಿದ್ದವಳು ನಿಂತಳು. ತುದಿಯನ್ನು ಬೆರಳಿನಲ್ಲಿ ತಿಕ್ಕಿದಳು, ಮೂಸಿದಳು, ಕಡೆಗೆ ನಾಲಿಗೆಗೂ ಇಟ್ಟಳು.

"ತಮ್ಮಾ, ಎತ್ತು ಬಿಚ್ಚು."

"ಮತ್ತೇನು ಬಂತವಾ ನಿಂದು?"

"ಹಗೇವಿಗೆ ಬಿಟ್ಟ ಹಗ್ಗ ಹಸಿ ಯಾಕಾತು? ಇದು ಎಣ್ಣಿ ಅಲ್ಲ. ನೀರು. ದೀಪ ಕೆಟ್ಟ ಗಾಳಿಗಲ್ಲ, ನೀರಿಗೆ ಅದ್ದಿ ಆರೇತಿ." ಗೋಡೆಯ ಕಡೆ, ಗಚ್ಚಿನ ಮಾಳಿಗೆಯ ಕಡೆ, ಚಪ್ಪಡಿಯ ಕಡೆ ನೋಡಿದಳು. "ಮುಂದಿನ ಮಾಳಗಿಗೆ ನೀರು ಬೀಳೂ ದ್ವಾಣಿ ಅದಾವ. ಹಿಂದಿನ ಮಾಳಗಿಗೆ ಒಂದೂ ಇಲ್ಲ. ನೀರು ಎಲ್ಲಿ ಹೊಕ್ಕೈತಿ ಅಂತ ನಾ ಮಳಿಗಾಲ ಪೂರ್ತಿ ಕೇಳಲಿಲ್ಲ ನೋಡು. ಈರಣ್ಣ, ಹೋಗು, ಸಾಹೇಬರನ್ನ ಕರಕೊಂಡು ಬಾ."

ನಾನು ಓಡಿದೆ. ಸಾಹೇಬರು ಬಂದರು. ಪಡಸಾಲೆ ದಾಟಿ ಹೊಸ್ತಿಲ ಬಳಿ ನಿಂತರು. ಒಡೆದ ಗಚ್ಚನ್ನು ನೋಡಿ ಚೌಕಟ್ಟು ಹಿಡಿದರು.

"ಇದು ಏನ್ರಿ ಸಾಹೇಬ್ರ?" ಎಂದಳು ಅತ್ತೆ. ಮೊದಲ ಸಲ ಅವರೆದುರಿಗೆ ನಿಂತು ಕೇಳಿದ್ದು.

"ಹೌಜು ಅಕ್ಕಾರ. ನೀರಿನ ಹೌಜು. ಈ ಓಣ್ಯಾಗಿನ ಬಾವಿ ನೀರು ಸವಳು. ನಮ್ಮ ಅಜ್ಜ ಮಳಿ ನೀರು ಹಿಡ್ಯಾಕ ಕಟ್ಟಿಸಿದ್ದ. ಗಚ್ಚಿನ ಮಾಳಗಿ ನೀರು ಗ್ವಾಡಿ ಒಳಗಿನ ಮಣ್ಣಿನ ಕೊಳಿವ್ಯಾಗ ಹಾದು ಇಲ್ಲಿ ಬೀಳ್ತೈತಿ." ಚಪ್ಪಡಿಯ ಕಡೆ ಬೆರಳು ಮಾಡಿದರು. "ನಮ್ಮ ಸಣ್ಣ ಮಗಳು ಜೈನಬಿ ಇದರಾಗ ಬಿದ್ಲು. ನಿಮ್ಮ ಹುಡುಗನಷ್ಟ ಇದ್ಲು. ಆಕಿ ತಾಯಿ ಹೌಜಿನ ಬಾಯಿ ಮುಚ್ಚಸಿದ್ಲು. ಕೊಳಿವಿ ಮುಚ್ಚಸಾಕ ಮಾತ್ರ ನನ್ನ ಕೈಲೆ ಆಗಲಿಲ್ಲ. ಮಳಿ ಬಂದಾಗರೆ ಆಕಿ ಕಡೆ ಏನರೆ ಹೋಗ್ಲಿ ಅಂತ."

ಹೊರಗೆ ಎತ್ತಿನ ಕೊರಳ ಗಂಟೆ ಅಲುಗಿತು.

"ಮೊದಲ ಹೇಳಬಾರದೇನ್ರಿ?" ಎಂದಳು ಅತ್ತೆ, ಸಣ್ಣ ದನಿಯಲ್ಲಿ.

"ಹಿಂದ ಬಂದವರಿಗೆಲ್ಲಾ ಹೇಳಿದೆ. ಹೇಳಿದ ಕೂಡ್ಲೇ ಅವರು ಮನಿ ನೋಡೂದು ಬಿಟ್ಟು ನನ್ನ ಮಾರಿ ನೋಡ್ತಿದ್ರು. ನೀವು ಒಂದು ಮಳಿಗಾಲ ಇದ್ದು ನೋಡ್ತೀವಿ ಅಂದ್ರಿ. ಮಳಿ ಆದ್ರ ಸದ್ದು ಕೇಳ್ತೈತಿ, ಕೇಳಿದ್ರ ನನ್ನ ಕೇಳ್ತಾರ, ಆವಾಗ ಹೇಳೂಣು ಅಂದ್ಕೊಂಡೆ. ಶುಕ್ರವಾರಕ್ಕೊಮ್ಮೆ ಅದಕ್ಕ ಬರ್ತಿದ್ದೆ. ನೀವು ಉಪ್ಪು ಕೇಳಿದ್ರಿ, ಜ್ವಾಳ ಕೇಳಿದ್ರಿ, ಶೆಟ್ಟರನ್ನ ಕೇಳಿದ್ರಿ. ನನ್ನ ಕೇಳಲಿಲ್ಲ ಅಕ್ಕಾರ."

ಅತ್ತೆ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನಮ್ಮವರು ಹಗೇವಿನಾಗ ಹ್ವಾದ್ರು," ಎಂದಳು. ಅಷ್ಟೇ. ಸಾಹೇಬರು ಹೊಸ್ತಿಲು ದಾಟಿ ಒಳಂಗಳಕ್ಕೆ ಬಂದು ಚಪ್ಪಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಅತ್ತೆ ಸ್ವಲ್ಪ ದೂರದಲ್ಲಿ ಕೂತಳು. ಇಬ್ಬರೂ ಆ ಕಲ್ಲನ್ನೇ ನೋಡುತ್ತಿದ್ದರು.

ಹಾಗೆಂದು ಅತ್ತೆ ಒಮ್ಮೆಲೇ ನಂಬುವವಳಾದಳು ಎಂದು ತಿಳಿಯಬೇಡಿ. ಅಪ್ಪ ಒಂದು ಕೊಡ ನೀರು ಸೇದಿದ. ಅತ್ತೆ ಅದನ್ನು ಮೊದಲು ಎತ್ತಿಗೆ ಕುಡಿಸಿದಳು. ಎತ್ತು ಕುಡಿದು ಬಾಲ ಬೀಸಿದ ಮೇಲೆ ಅಪ್ಪನಿಗೆ ಕೊಟ್ಟಳು. ಅಪ್ಪ ಕುಡಿದು, ಸ್ವಲ್ಪ ಹೊತ್ತು ನೆಟ್ಟಗೆ ನಿಂತದ್ದು ನೋಡಿ, ಆಮೇಲೆ ತಾನು ಬೊಗಸೆ ಒಡ್ಡಿದಳು. "ಸೀ ಐತಿ," ಎಂದಳು, ಅದೂ ಒಂದು ದೂರಿನ ಹಾಗೆ. ಗಾಡಿಯಿಂದ ಗಂಟು ಇಳಿದವು. ನನ್ನ ಪಾಟಿ ಗೂಡಿಗೆ ಮರಳಿತು.

ಮನೆಯ ಖರೀದಿ ಮುಗಿಯಿತು. ಮರುವರ್ಷದಿಂದ ಹೌಜಿನ ಮೊದಲ ಕೊಡ ಸಾಹೇಬರ ಮಗಳ ಮನೆಗೆ ಹೋಗುವುದು ಪದ್ಧತಿಯಾಯಿತು. ಅತ್ತೆಯೇ ಹೊತ್ತುಕೊಂಡು ಹೋಗುತ್ತಿದ್ದಳು. ಆ ಮನೆಯಲ್ಲಿ ಓದಿಯೇ ನಾನು ಮೆಟ್ರಿಕ್ ದಾಟಿದೆ, ಹೈದರಾಬಾದಿಗೆ ಹೋದೆ, ಒಂದು ಹೊತ್ತು ಉಂಡು ಎರಡು ಹೊತ್ತು ಓದಿದೆ. ನಡುವೆ ಹೈದರಾಬಾದ್ ಭಾರತಕ್ಕೆ ಸೇರುವ ಗದ್ದಲದ ವರ್ಷ ಬಂತು. ಕಾಲೇಜು ಮುಚ್ಚಿ ನಾನು ಕೊಪ್ಪಳಕ್ಕೆ ಬಂದಾಗ ಓಣಿಗೆ ಓಣಿಯೇ ಒಬ್ಬರನ್ನೊಬ್ಬರು ಕಿಂಡಿಯಿಂದ ನೋಡುತ್ತಿತ್ತು. ಅತ್ತೆಗೆ ಹೇಳಿಕೊಡುವವರೇನೂ ಕಡಿಮೆ ಇರಲಿಲ್ಲ. "ಆ ಮನಿಗೆ ನೀರು ಯಾಕ ಒಯ್ತೀಯವಾ ಈ ವರ್ಷ?" ಎಂದು ಶೆಟ್ಟರೇ ಕೇಳಿದರು. "ನಾ ಒಂದು ಮಳಿಗಾಲ ಗುಮಾನಿ ಮಾಡಿ ನೋಡೇನ್ರಿ ಶೆಟ್ರ. ಭಾಳ ದಣಿವು ಅದು. ಇನ್ನ ನೀವು ಮಾಡ್ರಿ," ಎಂದು ಕೊಡ ಸೊಂಟಕ್ಕೇರಿಸಿ ನಡೆದಳು.

ಗದ್ದಲ ಇಳಿದ ಮೇಲೆ ಪರೀಕ್ಷೆಗೆ ಕೂತೆ, ಪಾಸಾದೆ. ಬೇವೂರಿನ ನಮ್ಮ ಮನೆತನದ ಮೊದಲ ಬಿ.ಎ. ಹೆಮ್ಮೆಯಿಂದಲೇ ಹೇಳುತ್ತೇನೆ, ಯಾರೂ ಬಿಟ್ಟಿ ಕೊಟ್ಟದ್ದಲ್ಲ. ಪದವಿಪತ್ರ ಹಿಡಿದು ತಲೆಬಾಗಿಲು ದಾಟಿದಾಗ ಅತ್ತೆ ಪಡಸಾಲೆಯಲ್ಲಿ ಕೂತು ಕಾಳು ಆರಿಸುತ್ತಿದ್ದಳು. ಕಾಲು ಮುಟ್ಟಿ, ಅದನ್ನು ಅವಳ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿ ತೆಗೆದುಕೊಂಡಳು. ಬೆಳಕಿಗೆ ಹಿಡಿದಳು. ತುದಿಯನ್ನು ಬೆರಳಿನಲ್ಲಿ ತಿಕ್ಕಿದಳು. ಮೂಸಿದಳು.

"ಓದಲೇನತ್ತಿ?" ಎಂದೆ.

"ನಿನ್ನ ಹೆಸರು ನೀನ ಓದಿದ್ರ ಹೆಂಗಾತೋ? ಸಾಹೇಬರನ್ನ ಕರಿ."

ಸಾಹೇಬರಿಗೆ ಆಗ ಕಣ್ಣು ಮಂಜಾಗಿತ್ತು. ಕೋಲೂರಿಕೊಂಡು ಬಂದು, ಕಾಗದವನ್ನು ಮೂಗಿಗೆ ಹತ್ತಿರ ಹಿಡಿದು, ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಓದಿದರು. ನನ್ನ ಹೆಸರು, ಅಪ್ಪನ ಹೆಸರು ಬಂದಾಗ ಎರಡೆರಡು ಸಲ ಓದಿದರು. ಓದಿ ಮುಗಿಸಿ, "ಖರೇ ಐತಿ ಅಕ್ಕಾರ," ಎಂದು ಮಡಚದೆ ಅತ್ತೆಯ ಕೈಗೆ ಮರಳಿಸಿದರು.

ಅತ್ತೆ ಅದನ್ನು ನನ್ನ ಕೈಗಿಟ್ಟು, ಪಡಸಾಲೆಯ ಗೂಡಿನ ಕಡೆ ಗದ್ದ ತೋರಿಸಿದಳು.

"ಅಲ್ಲಿ ಇಡು. ಅಲ್ಲಿ ಹಸಿ ಹಿಡ್ಯಂಗಿಲ್ಲ. ನಾ ಉಪ್ಪು ಕಟ್ಟಿ ನೋಡೇನಿ."